ಕಾಯಿಸುವವರ ಕೋಣೆ

ರಾತ್ರಿ ಹತ್ತರ ಸುಮಾರಿಗೆ ಎರಡೂವರೆ ವರ್ಷದ ಮಗುವೊಂದನ್ನು ಎತ್ತಿಕೊಂಡು ಬರುತ್ತಾರೆ. ಸಂಜೆ ಅಣ್ಣನ ಜೊತೆ ಆಡುತ್ತ ಕಡಲೆಬೀಜ ಬಾಯಿಗೆ ಹಾಕಿಕೊಂಡಿದೆ, ನಕ್ಕಿದೆ, ಕೆಮ್ಮಿದೆ. ಈಗ ಉಸಿರೆಳೆದರೆ ಎದೆಯ ಒಂದು ಬದಿ ಮಾತ್ರ ಸರಿಯಾಗಿ ಏಳುತ್ತಿದೆ. ನಮ್ಮಲ್ಲಿ ಚಿಕ್ಕ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಬೀಜಕ್ಕೇ ಮೊದಲ ಸ್ಥಾನ. ತೆಗೆಯಲು ಬೇಕಾದದ್ದು ರಿಜಿಡ್ ಬ್ರಾಂಕೊಸ್ಕೋಪ್ ಎಂಬ ತೆಳ್ಳನೆಯ ಲೋಹದ ಕೊಳವೆ, ಅದರೊಳಗೆ ತೂರುವ ಮಸೂರದ ಕಡ್ಡಿ, ಮತ್ತೆ ಬೀಜ ಪುಡಿಯಾಗದಂತೆ ಹಿಡಿದು ತರುವ ಉದ್ದ ಚಿಮುಟ. ಕಡಲೆಬೀಜಕ್ಕೆಂದೇ ಮಾಡಿದ ಚಿಮುಟಗಳು ತಯಾರಕರ ಕ್ಯಾಟಲಾಗಿನಲ್ಲಿವೆ ಎಂದರೆ ಸಮಸ್ಯೆ ಎಷ್ಟು ಸಾಮಾನ್ಯವೆಂದು ಊಹಿಸಬಹುದು.

ಹನ್ನೊಂದಕ್ಕೆ ಬೀಜ ಹೊರಬಂತು, ಮಗುವಿನ ಉಸಿರು ತಿಳಿಯಾಯಿತು ಎಂದುಕೊಳ್ಳೋಣ. ಹನ್ನೊಂದೂವರೆಗೆ ಬೇರೆ ಊರಿನಿಂದ ಇನ್ನೊಂದು ಮಗು. ಅದೇ ವಯಸ್ಸು, ಅದೇ ಬೀಜ. ಓಟಿಯಿಂದ, ಅಂದರೆ ಆಪರೇಷನ್ ಥಿಯೇಟರಿನಿಂದ, ಫೋನ್ ಹೋಗುತ್ತದೆ: “ಸಿಸ್ಟರ್, ಬ್ರಾಂಕೊಸ್ಕೋಪಿ ಸೆಟ್ ಎಷ್ಟೊತ್ತಿಗೆ ಕೊಡ್ತೀರಿ?”

ಆ ಕಡೆ ಫೋನ್ ಎತ್ತಿದವರು ಇರುವುದು ಸಿಎಸ್‌ಎಸ್‌ಡಿಯಲ್ಲಿ, ಅಂದರೆ ಸೆಂಟ್ರಲ್ ಸ್ಟೆರೈಲ್ ಸಪ್ಲೈ ಡಿಪಾರ್ಟ್‌ಮೆಂಟ್‌ನಲ್ಲಿ. ಇಡೀ ಆಸ್ಪತ್ರೆಯ ಕತ್ತರಿ, ಚಿಮುಟ, ಕೊಳವೆ, ಬಟ್ಟೆಗಳೆಲ್ಲ ಬಂದು ತೊಳೆಸಿಕೊಂಡು, ಒಣಗಿ, ಕಟ್ಟಿಸಿಕೊಂಡು, ಉಗಿಯಲ್ಲಿ ಕಾಯಿಸುವ ಆಟೋಕ್ಲೇವ್ ಹೊಕ್ಕು ಮತ್ತೆ ಹೊರಡುವ ಜಾಗ. ಬಹಳ ಆಸ್ಪತ್ರೆಗಳಲ್ಲಿ ಇದು ನೆಲಮಾಳಿಗೆಯಲ್ಲಿರುತ್ತದೆ. ರೋಗಿಗಳ ಕಡೆಯವರಿಗೆ ಇದರ ಬೋರ್ಡ್ ಕೂಡ ಕಾಣುವುದಿಲ್ಲ. ಅಲ್ಲಿಯ ಮೇಲ್ವಿಚಾರಕಿ, ಸಾಮಾನ್ಯವಾಗಿ ಓಟಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದ ಹಿರಿಯ ನರ್ಸ್, ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟರೆ ಅದು ಹೀಗಿರುತ್ತದೆ: ಕಿಣ್ವದ ದ್ರಾವಣದಲ್ಲಿ ನೆನೆಸಿ ಬ್ರಶ್ ಹಾಕಲು ಅರ್ಧ ತಾಸು. ತೊಳೆಯುವ ಯಂತ್ರದಲ್ಲಿ ಮುಕ್ಕಾಲು ತಾಸು. ಒಣಗಿಸಿ, ಭೂತಗನ್ನಡಿಯಡಿ ನೋಡಿ, ಜೋಡಿಸಿ ಕಟ್ಟಲು ಇಪ್ಪತ್ತು ನಿಮಿಷ. ಆಟೋಕ್ಲೇವ್ ಸೈಕಲ್ ಒಂದು ತಾಸು. ಆಮೇಲೆ ಆರಬೇಕು, ಬಿಸಿ ಪ್ಯಾಕನ್ನು ತಣ್ಣನೆಯ ಕಟ್ಟೆಯ ಮೇಲಿಟ್ಟರೆ ಒಳಗೆ ನೀರು ಕಟ್ಟುತ್ತದೆ, ಒದ್ದೆ ಪ್ಯಾಕಿನೊಳಕ್ಕೆ ಹೊರಗಿನ ಸೂಕ್ಷ್ಮಾಣು ಇಳಿಯುತ್ತದೆ. ಎಲ್ಲ ಸೇರಿ ಮೂರರಿಂದ ನಾಲ್ಕು ತಾಸು. ಮಗುವಿಗೆ ಅಷ್ಟು ಹೊತ್ತು ಇಲ್ಲದಿರಬಹುದು.

ಎರಡನೆಯ ಸೆಟ್ ಕಪಾಟಿನಲ್ಲಿದ್ದರೆ ಈ ಲೆಕ್ಕವೇ ಬೇಕಿಲ್ಲ. ಇಲ್ಲದಿದ್ದರೆ? ಮಕ್ಕಳ ಆಸ್ಪತ್ರೆಯ ಸಿಎಸ್‌ಎಸ್‌ಡಿ ನಡೆಸುವುದು ಎಂದರೆ ಏನು ಎಂಬುದು ಈ ‘ಇಲ್ಲದಿದ್ದರೆ’ಯಲ್ಲಿ ಅಡಗಿದೆ.

ಸೂಕ್ಷ್ಮಾಣು ಕೊಲ್ಲುವುದು ಹೇಗೆಂಬ ಪ್ರಶ್ನೆ ಎಂದೋ ಬಗೆಹರಿದಿದೆ. 1679ರಲ್ಲಿ ಡೆನಿ ಪಾಪೆನ್ ಎಂಬ ಫ್ರೆಂಚ್ ವಿಜ್ಞಾನಿ ಮೂಳೆ ಬೇಯಿಸಲು ಮುಚ್ಚಳ ಬಿಗಿದ ಪಾತ್ರೆ ಮಾಡಿದ. ಇನ್ನೂರು ವರ್ಷ ಕಳೆದು, 1879ರಲ್ಲಿ, ಲೂಯಿ ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಶಾರ್ಲ್ ಶಾಂಬರ್ಲಾನ್ ಅದೇ ತತ್ವದ ಆಟೋಕ್ಲೇವ್ ರೂಪಿಸಿದ. ನಮ್ಮ ಅಡುಗೆಮನೆಯ ಕುಕ್ಕರ್ ಇದರ ತಂಗಿ: ಒತ್ತಡ ಏರಿದಂತೆ ಉಗಿಯ ಶಾಖ ನೂರು ಡಿಗ್ರಿ ದಾಟುತ್ತದೆ. 121 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ. ಅಷ್ಟು ಹೊತ್ತು ಉಗಿ ನೇರವಾಗಿ ತಗುಲಿದರೆ, ಎಲ್ಲಕ್ಕಿಂತ ಗಟ್ಟಿ ಬ್ಯಾಕ್ಟೀರಿಯಾ ಬೀಜಾಣುವೂ ಉಳಿಯುವುದಿಲ್ಲ. ‘ಸ್ಟೆರೈಲ್’ ಎಂಬ ಮಾತಿಗೆ ಅಂತರರಾಷ್ಟ್ರೀಯ ಮಾನದಂಡವೂ ಇದೆ: ಒಂದು ವಸ್ತುವಿನ ಮೇಲೆ ಜೀವಂತ ಸೂಕ್ಷ್ಮಾಣು ಉಳಿದಿರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿರಬಾರದು.

ಹಾಗಾಗಿ ಆ ಮೂರೂವರೆ ನಿಮಿಷ ಯಾರನ್ನೂ ಕಾಡುವುದಿಲ್ಲ. ಕಾಡುವುದು ಅದರ ಹಿಂದುಮುಂದಿನ ಮೂರು ತಾಸು. ಆ ಮೂರು ತಾಸಿನಿಂದ ಯಾರೂ ಹತ್ತು ನಿಮಿಷ ಕದಿಯದಂತೆ ನೋಡಿಕೊಳ್ಳುವುದೇ ಈ ಇಲಾಖೆಯ ಮುಖ್ಯ ಕೆಲಸ ಎಂದು ನನಗನಿಸುತ್ತದೆ. ಸೂಕ್ಷ್ಮಾಣುವಿನ ಜೊತೆಗಿನ ಜಗಳಕ್ಕಿಂತ ಗಡಿಯಾರದ ಜೊತೆಗಿನ ಜಗಳ ಇಲ್ಲಿ ದೊಡ್ಡದು. ಮಕ್ಕಳ ಆಸ್ಪತ್ರೆಯಲ್ಲಂತೂ ಈ ಜಗಳ ಇನ್ನೂ ಬಿಗಿ.

ಯಾಕೆ ಬಿಗಿ ಎಂಬುದಕ್ಕೆ ಕಾರಣ ಮಗುವಿನ ಅಳತೆ. ಮಕ್ಕಳ ಆಸ್ಪತ್ರೆ ಎಂದರೆ ಸಾಮಾನು ಚಿಕ್ಕದು, ಕೆಲಸವೂ ಕಡಿಮೆ ಎಂದು ಹೊರಗಿನವರು ತಿಳಿಯುತ್ತಾರೆ. ನಿಜ ಅದರ ತಿರುವುಮುರುವು. ದೊಡ್ಡವರ ಆಸ್ಪತ್ರೆಯಲ್ಲಿ ಐವತ್ತು ಕಿಲೋದವರಿಗೂ ತೊಂಬತ್ತು ಕಿಲೋದವರಿಗೂ ಹೆಚ್ಚುಕಡಿಮೆ ಅದೇ ಹೊಟ್ಟೆಯ ಸೆಟ್ ಸಾಕು. ಇಲ್ಲಿ ಎಂಟುನೂರು ಗ್ರಾಮಿನ ಅಕಾಲಿಕ ಶಿಶುವೂ ರೋಗಿ, ಅಪ್ಪನಷ್ಟೇ ಎತ್ತರ ಬೆಳೆದ ಹದಿನೇಳರ ಹುಡುಗನೂ ರೋಗಿ. ಒಂದೇ ಬಗೆಯ ಶಸ್ತ್ರಚಿಕಿತ್ಸೆಗೆ ಮೂರು ನಾಲ್ಕು ಅಳತೆಯ ಸೆಟ್ ಬೇಕು. ದೊಡ್ಡವರ ಲ್ಯಾಪರೊಸ್ಕೋಪಿಯಲ್ಲಿ 5 ಮತ್ತು 10 ಮಿಲಿಮೀಟರ್ ಸಲಕರಣೆ, ಹಸುಗೂಸುಗಳಿಗೆ 3 ಮಿಲಿಮೀಟರ್. ಹೃದಯದ ತೂತು ಮುಚ್ಚುವ ಓಟಿಯಲ್ಲಿ ಕಾಸ್ಟ್ರೊವೀಹೊ ಎಂಬ ಸೂಜಿ ಹಿಡಿಯುವ ಸಲಕರಣೆಯ ತುದಿ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಟ್ರೇಯೊಳಗೆ ಅದರ ಮೇಲೆ ಭಾರದ ಚಿಮುಟವೊಂದು ಬಿದ್ದರೆ ಸಾಕು, ತುದಿ ಕೂದಲೆಳೆಯಷ್ಟು ಬಾಗುತ್ತದೆ. ಸರ್ಜನ್ ಕೈಯಲ್ಲಿ ಸೂಜಿ ಜಾರುತ್ತದೆ.

ಇಷ್ಟು ಬಗೆಯ ಸೆಟ್ ಬೇಕಾದರೂ ಪ್ರತಿಯೊಂದೂ ಕಡಿಮೆ ಸಲ ಬಳಕೆಯಾಗುತ್ತದೆ. ಲೆಕ್ಕಪತ್ರ ನೋಡುವವರಿಗೆ ಇದು ಕಣ್ಣಿಗೆ ಬೀಳುತ್ತದೆ. ತಿಂಗಳಿಗೆ ನಾಲ್ಕು ಸಲ ಬಳಸುವ ದುಬಾರಿ ಬ್ರಾಂಕೊಸ್ಕೋಪಿಗೆ ಇನ್ನೊಂದು ಜೊತೆ ಯಾಕೆ ಎಂದು ಅವರು ಕೇಳುತ್ತಾರೆ. ಸರಾಸರಿಯ ಪ್ರಕಾರ ಅವರ ಪ್ರಶ್ನೆ ಸರಿ. ಆದರೆ ತುರ್ತು ಸರಾಸರಿ ನೋಡಿ ಬರುವುದಿಲ್ಲ. ನಾಲ್ಕರಲ್ಲಿ ಎರಡು ಒಂದೇ ರಾತ್ರಿ ಬರುತ್ತವೆ. ಒಳ್ಳೆಯ ಮೇಲ್ವಿಚಾರಕಿಯ ಬಳಿ ಇದಕ್ಕೊಂದು ಪುಸ್ತಕ ಇರುತ್ತದೆ. ಯಾವ ಸೆಟ್ ಎಷ್ಟು ಬಳಕೆಯಾಯಿತು ಎಂಬುದಷ್ಟೇ ಅಲ್ಲ, ಯಾವ ಸೆಟ್ಟಿಗಾಗಿ ಯಾವ ದಿನ ಎಷ್ಟು ಹೊತ್ತು ಓಟಿ ಕಾದಿತು ಎಂಬುದೂ ಅದರಲ್ಲಿರುತ್ತದೆ. ಖರೀದಿ ಸಮಿತಿಯ ಮುಂದೆ ಕೊನೆಗೂ ಕೆಲಸ ಮಾಡುವುದು ಆ ಎರಡನೆಯ ಕಾಲಮ್ಮು.

ಈಗ ತೊಳೆಯುವ ಮಾತು. ನಾನು ಈ ವಿಷಯ ಓದಲು ಶುರು ಮಾಡಿದಾಗ ಹೆಚ್ಚು ಅಚ್ಚರಿ ತಂದದ್ದು ಇದೇ: ಈ ಕಸುಬಿನವರು ಆಟೋಕ್ಲೇವ್ ಬಗ್ಗೆ ಮಾತಾಡುವುದಕ್ಕಿಂತ ಬ್ರಶ್ ಬಗ್ಗೆ ಹೆಚ್ಚು ಮಾತಾಡುತ್ತಾರೆ. ಕಾರಣ ಸರಳ. ಒಣಗಿದ ರಕ್ತದ ಪದರದ ಅಡಿ ಕುಳಿತ ಸೂಕ್ಷ್ಮಾಣುವಿಗೆ ಉಗಿ ತಾಗುವುದಿಲ್ಲ. ಕೊಳೆಯ ಮೇಲೆ ಕಾಯಿಸಿದರೆ ಅದು ಬೆಂದು ಲೋಹಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ಮಕ್ಕಳ ಬಾಗುವ ಬ್ರಾಂಕೊಸ್ಕೋಪಿನ ಹೊರವ್ಯಾಸ 2.8 ಮಿಲಿಮೀಟರ್ ಇದ್ದರೆ ಅದರೊಳಗಿನ ನಾಳ 1.2 ಮಿಲಿಮೀಟರ್. ಕಫ ಹೀರಿದ್ದು ಆ ನಾಳದಲ್ಲೇ. ಅದರೊಳಗೆ ಬ್ರಶ್ ತೂರಿಸಿ ಆಚೆ ತುದಿಯಲ್ಲಿ ಹೊರಬಂದದ್ದನ್ನು ಕಣ್ಣಾರೆ ನೋಡಬೇಕು. ಬ್ರಶ್ ಒಂದು ನಂಬರ್ ಸಣ್ಣದಾದರೆ ಗೋಡೆಗೆ ತಾಗುವುದಿಲ್ಲ, ದೊಡ್ಡದಾದರೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಹೊಳೆಯುವ ಕೊಳವೆಯ ಒಳಗೆ ಏನಿದೆ ಎಂಬುದು ಬೆಳಕು ಬಿಟ್ಟು ನೋಡಿದವರಿಗೆ ಮಾತ್ರ ಗೊತ್ತು.

ಅಮೆರಿಕದ ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2016ರ ಆಗಸ್ಟ್‌ನಲ್ಲಿ ಪ್ರಕಟಿಸಿದ ತನಿಖಾ ಸರಣಿ ಈ ಕಸುಬಿನವರಿಗೆಲ್ಲ ಪಾಠವಾಯಿತು. ಮಿಷಿಗನ್ನಿನ ಮಕ್ಕಳ ಆಸ್ಪತ್ರೆ ಸೇರಿ ಒಂದೇ ಆವರಣದ ಐದು ಆಸ್ಪತ್ರೆಗಳಿಗೆ ನೆಲಮಾಳಿಗೆಯ ಒಂದೇ ಸಿಎಸ್‌ಎಸ್‌ಡಿ ಸಲಕರಣೆ ಕಳಿಸುತ್ತಿತ್ತು. ಕೊಳೆ ಉಳಿದ ಸಲಕರಣೆ, ಕಾಣೆಯಾದ ಸಲಕರಣೆ, ಅರ್ಧ ತುಂಬಿದ ಟ್ರೇ ಎಂದು ಸರ್ಜನ್ನರು ವರ್ಷಗಟ್ಟಲೆ ಇಮೇಲ್ ಬರೆದಿದ್ದರು. ಶಸ್ತ್ರಚಿಕಿತ್ಸೆಗಳು ಮುಂದೂಡಿದ್ದುಂಟು, ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ತಡವಾದದ್ದೂ ಉಂಟು. ವರದಿಗಳನ್ನು ಓದಿದರೆ ಅದರಲ್ಲಿ ಕೆಟ್ಟ ಯಂತ್ರದ ಕಥೆಗಿಂತ ಹೆಚ್ಚಾಗಿ ಕಾಣುವುದು ಸಾಕಷ್ಟಿಲ್ಲದ ಜನ, ಸಾಕಷ್ಟಿಲ್ಲದ ತರಬೇತಿ, ಮೇಲಿನವರ ಕಿವಿಗೆ ಬೀಳದ ದೂರು.

ತೊಳೆಯುವ ಕೆಲಸ ನಿಜವಾಗಿ ಶುರುವಾಗಬೇಕಾದದ್ದು ಸಿಎಸ್‌ಎಸ್‌ಡಿಯಲ್ಲೂ ಅಲ್ಲ, ಓಟಿಯ ಮೇಜಿನ ಮೇಲೆ. ಬಳಸಿದ ಚಿಮುಟವನ್ನು ಅಲ್ಲೇ ಸ್ಟೆರೈಲ್ ನೀರಿನಲ್ಲಿ ಒರೆಸಿ, ತೇವ ಆರದಂತೆ ಮುಚ್ಚಿ ಕಳಿಸಬೇಕು. ಸಲೈನ್‌ನಲ್ಲಿ ನೆನೆಹಾಕುವ ಹಳೆಯ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಉಪ್ಪು ಸ್ಟೀಲನ್ನೂ ತಿನ್ನುತ್ತದೆ, ಸೂಜಿಮೊನೆಯಷ್ಟು ಗುಳಿ ಬೀಳುತ್ತವೆ, ಆ ಗುಳಿಯೇ ಮುಂದೆ ಕೊಳೆಯ ಮನೆ. ಓಟಿಯವರ ಈ ಐದು ನಿಮಿಷ ಉಳಿದರೆ ಕೆಳಗಿನವರ ಅರ್ಧ ತಾಸು ಹೋಗುತ್ತದೆ. ಇದನ್ನು ಓಟಿಯ ಹುಡುಗರಿಗೆ ಮತ್ತೆ ಮತ್ತೆ ಹೇಳುವುದೂ ಮೇಲ್ವಿಚಾರಕಿಯ ಪಾಲಿನದೇ. ಹೇಳಿದಾಗಲೆಲ್ಲ ಕೇಳುತ್ತಾರೆಂದೇನಲ್ಲ.

ನೀರಿನದೂ ಒಂದು ಕಥೆಯಿದೆ. ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಪದರ ಚಿಮುಟದ ಕೀಲಿನಲ್ಲೂ ಕೊಳವೆಯೊಳಗೂ ಕಟ್ಟುತ್ತದೆ. ಕೊನೆಯ ಸಲ ಜಾಲಿಸುವುದು ಆರ್‌ಒ ನೀರಿನಲ್ಲೇ ಆಗಬೇಕು. ಟ್ಯಾಂಕರ್ ನೀರು ಬಂದ ವಾರ ಸಲಕರಣೆಗಳ ಮೇಲೆ ಕಲೆ ಕಂಡರೆ ಮೊದಲು ನೋಡಬೇಕಾದದ್ದು ಆರ್‌ಒ ಫಿಲ್ಟರನ್ನು.

ಬೆಂಗಳೂರಿನ ಆಸ್ಪತ್ರೆಗಳಿಗೆ ಇನ್ನೊಂದು ವಿಶೇಷವಿದೆ, ಅದು ಊರಿನ ಎತ್ತರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಊರಲ್ಲಿ ನೀರು ನೂರು ಡಿಗ್ರಿಗಲ್ಲ, ಹತ್ತಿರ ಹತ್ತಿರ 97 ಡಿಗ್ರಿಗೇ ಕುದಿಯುತ್ತದೆ. ಆಟೋಕ್ಲೇವಿನ ಒತ್ತಡದ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು. ಮಂಗಳೂರಿನಲ್ಲಿ ಮುಳ್ಳು 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ. ಬೆಂಗಳೂರಿನಲ್ಲಿ ಅದೇ 15 ಪೌಂಡಿಗೆ ಸುಮಾರು 119 ಡಿಗ್ರಿ ಮಾತ್ರ. 121 ಬೇಕಾದರೆ ಹದಿನಾರೂವರೆಯ ಹತ್ತಿರ ಏರಬೇಕು. ಎರಡು ಡಿಗ್ರಿ ಏನು ಮಹಾ ಎನ್ನಬಹುದು. ಬೀಜಾಣು ಸಾಯುವ ವೇಗ ಪ್ರತಿ ಹತ್ತು ಡಿಗ್ರಿಗೆ ಹತ್ತು ಪಟ್ಟು ಬದಲಾಗುವ ಲೆಕ್ಕದಲ್ಲಿ, ಆ ಎರಡು ಡಿಗ್ರಿಗೆ ವೇಗ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕುಸಿಯುತ್ತದೆ. ಈಗಿನ ದೊಡ್ಡ ಯಂತ್ರಗಳು ಶಾಖ ನೋಡಿಕೊಂಡೇ ನಡೆಯುತ್ತವೆ, ಅವಕ್ಕೆ ಈ ತೊಂದರೆಯಿಲ್ಲ. ಮುಳ್ಳು ನೋಡಿ ನಡೆಸುವ ಸಣ್ಣ ಆಟೋಕ್ಲೇವ್ ಇಟ್ಟುಕೊಂಡ ನರ್ಸಿಂಗ್ ಹೋಮ್‌ಗಳು ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಇದನ್ನು ಮರೆಯಬಾರದು. ಅಲ್ಲಿಯ ಎತ್ತರ ಬೆಂಗಳೂರಿಗಿಂತಲೂ ಹೆಚ್ಚು.

ಉಗಿಯ ದೊಡ್ಡ ಶತ್ರು ಗಾಳಿ. ಪೆಟ್ಟಿಗೆಯೊಳಗೆ, ಬಟ್ಟೆಯ ಮಡಿಕೆಯೊಳಗೆ, ಸಣ್ಣ ಕೊಳವೆಯೊಳಗೆ ಗಾಳಿ ಉಳಿದರೆ ಆ ಜಾಗಕ್ಕೆ ಉಗಿ ಹೋಗುವುದಿಲ್ಲ, ಅಲ್ಲಿ ಶಾಖವೂ ಏರುವುದಿಲ್ಲ. ಅದಕ್ಕೇ ಈಗಿನ ಯಂತ್ರಗಳು ಮೊದಲು ಪಂಪ್ ಹಾಕಿ ಗಾಳಿ ಹೀರುತ್ತವೆ. ಹೀರಿತೋ ಇಲ್ಲವೋ ಎಂದು ತಿಳಿಯಲು ಬೋವಿ ಮತ್ತು ಡಿಕ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು 1963ರಲ್ಲಿ ಒಂದು ಪರೀಕ್ಷೆ ಹೇಳಿಕೊಟ್ಟರು. ಮಡಿಸಿದ ಬಟ್ಟೆಯ ಗಂಟಿನ ನಡುವೆ ಬಣ್ಣ ಬದಲಿಸುವ ಕಾಗದ ಇಟ್ಟು, ಬೇರೆ ಏನೂ ಹಾಕದೆ ಯಂತ್ರ ನಡೆಸುವುದು. ಕಾಗದ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಕಪ್ಪಾಗಿದ್ದರೆ ಸರಿ. ನಡುವೆ ಮಾಸಲು ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ನಿಂತಿತ್ತು. ಅರವತ್ತು ವರ್ಷ ಕಳೆದರೂ ಜಗತ್ತಿನ ಸಿಎಸ್‌ಎಸ್‌ಡಿಗಳ ದಿನ ಈ ಪರೀಕ್ಷೆಯಿಂದಲೇ ಬೆಳಗಾಗುತ್ತದೆ. ಆ ಚುಕ್ಕೆ ಕಂಡ ಬೆಳಿಗ್ಗೆ ಯಂತ್ರಕ್ಕೆ ಬೀಗ. ಹೊರಗೆ ಆರು ಕೇಸ್ ಪಟ್ಟಿಯಲ್ಲಿದ್ದರೂ ಬೀಗ.

ಬೀಗ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಸಾಕ್ಷಿ. 1972ರ ವಸಂತದಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಪಡೆದ ರೋಗಿಗಳು ಇದ್ದಕ್ಕಿದ್ದಂತೆ ಕುಸಿದರು; ಐವರ ಸಾವಿಗೆ ಆ ಬಾಟಲಿಗಳು ಕಾರಣವಾಗಿರಬಹುದು ಎನ್ನಲಾಯಿತು. ಸರ್ಕಾರ ನೇಮಿಸಿದ ಕ್ಲೋದಿಯರ್ ಸಮಿತಿ ಹುಡುಕುತ್ತ ಹೋದಾಗ ಸಿಕ್ಕ ದಾರಿ ಹೀಗಿತ್ತು: ಹಿಂದಿನ ವರ್ಷ ಕಾರ್ಖಾನೆಯಲ್ಲಿ ಆ ಬಾಟಲಿಗಳನ್ನು ಆಟೋಕ್ಲೇವ್ ಮಾಡುವಾಗ ಪೆಟ್ಟಿಗೆಯ ಕೆಳಭಾಗದಲ್ಲಿ ಗಾಳಿ ಉಳಿದುಬಿಟ್ಟಿತ್ತು. ಮೇಲಿನ ಸಾಲಿನ ಬಾಟಲಿಗಳು ಕಾದವು, ಕೆಳಗಿನವು ಕಾಯಲಿಲ್ಲ. ಶಾಖ ದಾಖಲಿಸುವ ಯಂತ್ರ ಇದನ್ನು ಸರಿಯಾಗಿಯೇ ಬರೆದಿತ್ತು. ಆದರೆ ಆ ದಾಖಲೆಯಂತ್ರ ಹಿಂದೆ ಆಗಾಗ ಕೈಕೊಟ್ಟಿದ್ದರಿಂದ ನಡೆಸುವವರು ಅದನ್ನು ನಂಬಲಿಲ್ಲ. ಬೇರೆ ಮುಳ್ಳುಗಳು ಸರಿಯಿವೆಯಲ್ಲ ಎಂದು ಮುಂದೆ ಹೋದರು. ಬಾಟಲಿಗಳು ಲಾರಿ ಹತ್ತಿದವು, ಆಸ್ಪತ್ರೆಗಳ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತವು, ಬ್ಯಾಕ್ಟೀರಿಯಾ ಒಳಗೇ ಬೆಳೆಯಿತು.

ನಿಜ ಹೇಳಿದ ಯಂತ್ರವನ್ನು ‘ಅದು ಹಾಗೇ, ಬಿಡಿ’ ಎಂದು ಬದಿಗಿಟ್ಟದ್ದು ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಹಾಳಾದ ಮೀಟರ್ ರಿಪೇರಿ ಮಾಡಿಸದೆ ಬಿಟ್ಟರೆ ಅದು ಸರಿಯಾಗಿ ಕೆಲಸ ಮಾಡಿದ ದಿನವೂ ಯಾರೂ ನೋಡುವುದಿಲ್ಲ. ಕಂಪನಿಯ ವಾರ್ಷಿಕ ನಿರ್ವಹಣಾ ಒಪ್ಪಂದ ಮುಗಿದು ಎಷ್ಟು ತಿಂಗಳಾಯಿತು, ಶಾಖಮಾಪಕದ ಕ್ಯಾಲಿಬ್ರೇಶನ್ ಯಾವಾಗ ಆಯಿತು ಎಂಬ ಬೇಸರದ ಪ್ರಶ್ನೆಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುವ ಸಿಸ್ಟರ್ ಒಬ್ಬರಿದ್ದರೆ ಆ ಆಸ್ಪತ್ರೆ ಅದೃಷ್ಟದ್ದು.

ಉಗಿ ತಡೆಯದ ಸಾಮಾನೂ ಇವೆ: ಪ್ಲಾಸ್ಟಿಕ್ ಕೊಳವೆ, ಕೆಲವು ಮಸೂರ, ತಂತಿ. ಅವಕ್ಕೆ ಎರಡು ದಾರಿ. ಎಥಿಲೀನ್ ಆಕ್ಸೈಡ್ ಅನಿಲ, ಅಂದರೆ ಈಟಿಒ, ಎಲ್ಲ ಮೂಲೆಗೂ ಹೋಗುತ್ತದೆ, ಆದರೆ ಅದು ಕ್ಯಾನ್ಸರ್‌ಕಾರಕ; ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ, ಬಿಸಿಗಾಳಿಯಲ್ಲಿ ಹತ್ತು ಹನ್ನೆರಡು ತಾಸು ಬಿಟ್ಟರೇ ಹೊರಹೋಗುವುದು. ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾ ಒಂದು ತಾಸಿನಲ್ಲಿ ಮುಗಿಯುತ್ತದೆ, ಆದರೆ ಕಾಗದ ಮತ್ತು ಹತ್ತಿ ಬಟ್ಟೆ ಅದಕ್ಕಾಗದು, ಉದ್ದನೆಯ ಸಣ್ಣ ನಾಳಗಳಲ್ಲೂ ಅದಕ್ಕೆ ಮಿತಿಯಿದೆ. ಮಕ್ಕಳಿಗೆ ಬೇಕಾದವೇ ಸಣ್ಣ ನಾಳಗಳು. ಹೀಗಾಗಿ ಒಂದೇ ಬ್ರಾಂಕೊಸ್ಕೋಪಿ ಸೆಟ್ಟಿನ ಲೋಹದ ಕೊಳವೆ ಉಗಿಗೆ, ಉಗಿ ತಡೆಯದ ಮಸೂರದ ಕಡ್ಡಿಯಾದರೆ ಅದು ಪ್ಲಾಸ್ಮಾಕ್ಕೆ ಹೋಗಿ, ಎರಡೂ ಒಟ್ಟಿಗೆ ಓಟಿ ತಲುಪಬೇಕು. ಒಂದು ಬಂದು ಇನ್ನೊಂದು ಬರದಿದ್ದರೆ ಎರಡೂ ಬರದಂತೆಯೇ.

ಈಟಿಒ ವಿಷಯದಲ್ಲಿ ಅವಸರ ಮಾಡುವುದು ದೊಡ್ಡವರಿಗೂ ತಪ್ಪು, ಶಿಶುಗಳಿಗೆ ಅಪಾಯ. ಒಂದು ಕಿಲೋ ತೂಕದ ಅಕಾಲಿಕ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ನೂರು ಮಿಲಿಲೀಟರ್ ಕೂಡ ಇಲ್ಲ. ಕೊಳವೆಯಲ್ಲಿ ಉಳಿದ ರಾಸಾಯನಿಕ ದೊಡ್ಡವರಿಗೆ ಎಷ್ಟೋ ಅಷ್ಟೇ ಇದ್ದರೂ ಶಿಶುವಿನ ತೂಕಕ್ಕೆ ಅದು ಹತ್ತಾರು ಪಟ್ಟು. ಇದೇ ಎಚ್ಚರ ಒರೆಸುವ ದ್ರಾವಣಗಳಿಗೂ ಬೇಕು. 1970ರ ದಶಕದಲ್ಲಿ ಅಮೆರಿಕದ ಕೆಲವು ನವಜಾತ ಶಿಶು ವಿಭಾಗಗಳಲ್ಲಿ ಮಕ್ಕಳಿಗೆ ಕಾಮಾಲೆ ಏರತೊಡಗಿತು. ಹುಡುಕಿದಾಗ ಸಂಶಯ ಹೋದದ್ದು ತೊಟ್ಟಿಲು, ನೆಲ ಒರೆಸುತ್ತಿದ್ದ ಫೀನಾಲಿಕ್ ದ್ರಾವಣದ ಮೇಲೆ. ಶಿಶು ಒಳಗಿರುವಾಗ ಇನ್‌ಕ್ಯುಬೇಟರನ್ನು ಅಂಥ ದ್ರಾವಣದಿಂದ ಒರೆಸಬಾರದು ಎಂಬ ಸಲಹೆ ಬಂದದ್ದು ಆ ಅನುಭವದಿಂದ. ನಮ್ಮಲ್ಲಿ ಹೌಸ್‌ಕೀಪಿಂಗ್ ಗುತ್ತಿಗೆದಾರ ಬದಲಾದಾಗ ಕ್ಯಾನಿನೊಳಗಿನ ದ್ರಾವಣವೂ ಬದಲಾಗುತ್ತದೆ. ಚೀಟಿ ಓದುವವರು ಒಬ್ಬರಾದರೂ ಬೇಕು.

ಮಕ್ಕಳ ಆಸ್ಪತ್ರೆಯ ಸಿಎಸ್‌ಎಸ್‌ಡಿಗೆ ಓಟಿಯೊಂದೇ ಗಿರಾಕಿಯಲ್ಲ. ಶಿಶು ಐಸಿಯುನಿಂದ ಒಳಲೆಗಳು ಬರುತ್ತವೆ, ತಾಯಿಹಾಲು ಹಿಂಡುವ ಪಂಪಿನ ಭಾಗಗಳು ಬರುತ್ತವೆ. ಮನೆಯಲ್ಲಿ ಅಜ್ಜಿ ಬಿಸಿನೀರಿನಲ್ಲಿ ಅದ್ದಿ ಇಡುತ್ತಿದ್ದ ಒಳಲೆ ಇಲ್ಲಿ ಡಜನ್‌ಗಟ್ಟಲೆ. ಮೂತಿಯ ಮೂಲೆಯಲ್ಲಿ ಹಾಲಿನ ಜಿಡ್ಡು ಉಳಿಯದಂತೆ ತಿಕ್ಕಿ, ಕಾಯಿಸಿ, ಪ್ರತಿ ಮಗುವಿಗೂ ಬೇರೆ ಕೊಡಬೇಕು. ಅಕಾಲಿಕ ಶಿಶುಗಳ ಕಣ್ಣಿನ ತಪಾಸಣೆಯ ದಿನ ರೆಪ್ಪೆ ಅಗಲಿಸುವ ಪುಟ್ಟ ತಂತಿಯ ಸಲಕರಣೆಗಳ ಬೇಡಿಕೆ. 2008ರಿಂದ ಕರ್ನಾಟಕದ ಜಿಲ್ಲೆಗಳಲ್ಲಿ ನಡೆಯುತ್ತಿರುವ ಕಿಡ್‌ರಾಪ್‌ನಂಥ ಯೋಜನೆಗಳಿಂದ ಈ ತಪಾಸಣೆ ಹಳ್ಳಿಯ ಶಿಶುಗಳಿಗೂ ಮುಟ್ಟಿದೆ, ಎಷ್ಟೋ ಮಕ್ಕಳ ದೃಷ್ಟಿ ಉಳಿದಿದೆ. ಒಂದೇ ಬೆಳಿಗ್ಗೆ ಸಾಲಾಗಿ ಹಲವು ಶಿಶುಗಳನ್ನು ನೋಡುವಾಗ ಪ್ರತಿ ಮಗುವಿಗೂ ಬೇರೆ ಸ್ಟೆರೈಲ್ ಸಲಕರಣೆ ಬೇಕು, ಕಣ್ಣಿಗೆ ತಾಗುವ ಕ್ಯಾಮೆರಾ ತುದಿ ಮಗುವಿನಿಂದ ಮಗುವಿಗೆ ಶುದ್ಧವಾಗಬೇಕು. ಜಗತ್ತಿನ ಹೆಸರಾಂತ ಮಕ್ಕಳ ಆಸ್ಪತ್ರೆಗಳಲ್ಲಿ ಒಂದಾದ ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ 2016ರಲ್ಲಿ 23 ಶಿಶುಗಳಿಗೆ ಅಡಿನೋವೈರಸ್ ಹರಡಿತು. ಜಾಡು ಹಿಡಿದಾಗ ಅದು ಇಂಥ ಕಣ್ಣಿನ ತಪಾಸಣೆಗೆ ಕೈಯಲ್ಲಿ ಹಿಡಿಯುವ ಮಸೂರ ಮತ್ತು ಉಪಕರಣಗಳತ್ತ ಹೋಯಿತು. ಅವು ಸಾಮಾನ್ಯವಾಗಿ ಸಿಎಸ್‌ಎಸ್‌ಡಿಗೆ ಬರುವ ಸಾಮಾನುಗಳಲ್ಲ, ವೈದ್ಯರ ಕೋಟಿನ ಜೇಬಿನಲ್ಲೋ ಬ್ಯಾಗಿನಲ್ಲೋ ಓಡಾಡುವಂಥವು. ಆಸ್ಪತ್ರೆಯಲ್ಲಿ ಯಾವ ವಸ್ತು ಯಾರ ಹೊಣೆ ಎಂಬ ಪಟ್ಟಿಯಲ್ಲಿ ಇಂಥವು ಜಾರಿಹೋಗುತ್ತವೆ.

ಇನ್ನು ಜನ. ಸರ್ಕಾರಿ ಆಸ್ಪತ್ರೆಯಾದರೆ ಗ್ರೂಪ್ ಡಿ ನೌಕರರು, ಖಾಸಗಿಯಾದರೆ ಹೊರಗುತ್ತಿಗೆಯ ಹುಡುಗ ಹುಡುಗಿಯರು, ನಡುವೆ ಒಬ್ಬಿಬ್ಬರು ಓಟಿ ಟೆಕ್ನಾಲಜಿ ಡಿಪ್ಲೊಮಾ ಓದಿದವರು. ನೂರಾರು ಸಲಕರಣೆಗಳ ಹೆಸರು, ಯಾವ ಸೆಟ್ಟಿನಲ್ಲಿ ಯಾವುದೆಷ್ಟು, ಯಾವುದು ಬಿಚ್ಚಿ ತೊಳೆಯುವುದು, ಯಾವುದನ್ನು ಉಗಿಗೆ ಹಾಕಿದರೆ ಲಕ್ಷಾಂತರ ರೂಪಾಯಿ ನಷ್ಟ ಎಂಬುದೆಲ್ಲ ಕಲಿಯಲು ವರ್ಷ ಬೇಕು. ಕಲಿತವರು ಎರಡು ಸಾವಿರ ಹೆಚ್ಚು ಸಿಗುತ್ತದೆಂದು ಪಕ್ಕದ ಆಸ್ಪತ್ರೆಗೆ ಹೋಗುತ್ತಾರೆ. ಅವರದು ತಪ್ಪೆನ್ನಲಾಗದು. ಬಿಸಿ, ಸದ್ದು, ಒದ್ದೆ ನೆಲ, ದಪ್ಪ ಏಪ್ರನ್ನಿನ ಒಳಗೆ ಬೆವರು, ಕೈತಪ್ಪಿದರೆ ಸೂಜಿ ಚುಚ್ಚುವ ಭಯ. ಇಷ್ಟೆಲ್ಲದರ ಮೇಲೆ ‘ಪಾತ್ರೆ ತೊಳೆಯುವವರು’ ಎಂಬ ಆಡುಮಾತು. ಲಕ್ಷಗಟ್ಟಲೆ ಕೊಟ್ಟು ಯಂತ್ರ ತರುವ ಆಡಳಿತಗಳು ಅದನ್ನು ನಡೆಸುವವರ ಸಂಬಳದಲ್ಲಿ ಉಳಿತಾಯ ಹುಡುಕುವುದು ನನಗೆ ಇಂದಿಗೂ ಅರ್ಥವಾಗದ ಲೆಕ್ಕ.

ಒತ್ತಡ ಬರುವುದು ಮೇಲಿನಿಂದ. ‘ಫ್ಲ್ಯಾಶ್’ ಎಂಬ ಒಳದಾರಿಯೊಂದಿದೆ: ಕೆಳಗೆ ಬಿದ್ದ, ಬದಲಿ ಇಲ್ಲದ ಒಂದು ಸಲಕರಣೆಯನ್ನು ತೊಳೆದು, ಕಟ್ಟದೆ, ಕೆಲವೇ ನಿಮಿಷ ಕಾಯಿಸಿ ನೇರ ಮೇಜಿಗೆ ಒಯ್ಯುವುದು. ಅಂಥ ಹೊತ್ತಿಗೆಂದೇ ಅದು ಇರುವುದು. ಸೆಟ್ ಸಾಲದ ಆಸ್ಪತ್ರೆಗಳಲ್ಲಿ ಅದು ದಿನನಿತ್ಯದ ದಾರಿಯಾಗುತ್ತದೆ, ‘ತೊಳೆದು’ ಎಂಬ ಮಾತು ಮೆಲ್ಲಗೆ ಬಿಟ್ಟುಹೋಗುತ್ತದೆ. ಬೆನ್ನುಮೂಳೆ ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಕಂಪನಿಯ ಪ್ರತಿನಿಧಿ ಐದಾರು ಭಾರದ ಟ್ರೇಗಳ ಲೋನರ್ ಸೆಟ್, ಅಂದರೆ ಎರವಲು ಸೆಟ್, ತಂದಿಳಿಸಿ ‘ಸ್ಟೆರೈಲ್ ಮಾಡ್ಕೊಂಡೇ ಬಂದಿದೆ ಸಿಸ್ಟರ್’ ಎನ್ನುವುದೂ ಉಂಟು. ಬೇರೆ ಆಸ್ಪತ್ರೆಯಿಂದ ಬಂದದ್ದು ಬೇರೆಯದೇ. ಬಿಚ್ಚಿ, ಮೊದಲಿಂದ ತೊಳೆಯಬೇಕು. ಆಗ ಬೆಳಗಿನ ಏಳೂವರೆಯ ಕೇಸ್ ಹನ್ನೊಂದಕ್ಕೆ ಹೋಗುತ್ತದೆ. ಹಿರಿಯ ಸರ್ಜನ್ನಿಗೆ ಫೋನ್ ಮಾಡಿ ಇದನ್ನು ಹೇಳಬೇಕಾದವರು, ಹುದ್ದೆಯಲ್ಲಿ ಅವರಿಗಿಂತ ಎಷ್ಟೋ ಮೆಟ್ಟಿಲು ಕೆಳಗಿರುವ ಸಿಸ್ಟರ್. “ಸರ್, ಇವತ್ತು ಕೊಡಕ್ಕಾಗಲ್ಲ” ಎಂಬ ಮಾತಿನ ಹಿಂದೆ ಮೆಡಿಕಲ್ ಸೂಪರಿಂಟೆಂಡೆಂಟ್ ನಿಲ್ಲುತ್ತಾರೋ ಇಲ್ಲವೋ ಎಂಬುದರ ಮೇಲೆ ಆ ಸಿಎಸ್‌ಎಸ್‌ಡಿಯ ಗುಣ ತೀರ್ಮಾನವಾಗುತ್ತದೆ. ಗೋಡೆಗೆ ತೂಗುಹಾಕಿದ ಮಾನ್ಯತಾ ಪತ್ರ ನೋಡಿ ಅದು ತಿಳಿಯುವುದಿಲ್ಲ.

ಆ ಎರಡನೆಯ ಕಡಲೆಬೀಜದ ರಾತ್ರಿಗೂ ತಯಾರಿ ಹಗಲಲ್ಲೇ ಆಗಿರಬೇಕು. ಒಂದು ಅಳತೆ ಮೇಲಿನ ಅಥವಾ ಕೆಳಗಿನ ಕೊಳವೆಯನ್ನು ಪ್ರತ್ಯೇಕವಾಗಿ ಕಟ್ಟಿಡುವುದು, ಮಸೂರದ ಕಡ್ಡಿಗೆ ಬದಲಿ ಇಡುವುದು, ಊರಿನ ಇನ್ನೊಂದು ಆಸ್ಪತ್ರೆಯ ಜೊತೆ ಸೆಟ್ ಎರವಲು ಪಡೆಯುವ ಏರ್ಪಾಡನ್ನು ಕಾಗದದ ಮೇಲೆ ಬರೆದಿಡುವುದು. ಕಟ್ಟಿದ ಪ್ರತಿ ಪ್ಯಾಕಿನ ಮೇಲೂ ಒಂದು ಸ್ಟಿಕ್ಕರ್ ಇರುತ್ತದೆ: ಯಂತ್ರದ ಸಂಖ್ಯೆ, ಅಂದಿನ ಎಷ್ಟನೆಯ ಲೋಡ್, ದಿನಾಂಕ, ಕಟ್ಟಿದವರ ಗುರುತು. ಓಟಿಯಲ್ಲಿ ಪ್ಯಾಕ್ ಬಿಚ್ಚಿದಾಗ ಅದನ್ನು ಕಿತ್ತು ಮಗುವಿನ ಕೇಸ್‌ಶೀಟಿಗೆ ಅಂಟಿಸಬೇಕು. ಆಟೋಕ್ಲೇವಿನೊಳಗೆ ಜೀವಂತ ಬೀಜಾಣುಗಳಿರುವ ಪುಟ್ಟ ಸೀಸೆಯನ್ನೂ ನಿಯತವಾಗಿ ಇಟ್ಟು ಕಾಯಿಸಿ, ಆಮೇಲೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಹಿಂದೆ ಇದಕ್ಕೆ ಎರಡು ದಿನ ಹಿಡಿಯುತ್ತಿತ್ತು, ಈಗ ಅರ್ಧ ತಾಸಿನೊಳಗೆ ಉತ್ತರ ಕೊಡುವವೂ ಬಂದಿವೆ. ಬೀಜಾಣು ಬದುಕುಳಿದಿದೆ ಎಂದು ಸೀಸೆ ಹೇಳಿದರೆ, ಕೊನೆಯ ಸಲ ಸರಿಯಿದ್ದ ಪರೀಕ್ಷೆಯಿಂದ ಈಚೆಗೆ ಆ ಯಂತ್ರದಿಂದ ಹೊರಟ ಪ್ಯಾಕುಗಳನ್ನೆಲ್ಲ ವಾಪಸು ತರಿಸಬೇಕು. ಆಗಲೇ ಬಿಚ್ಚಿ ಬಳಸಿದ್ದರೆ ಯಾವ ಮಗುವಿಗೆ ಎಂದು ಕೇಸ್‌ಶೀಟ್ ತೆಗೆದು ನೋಡಬೇಕು. ಸ್ಟಿಕ್ಕರ್ ಅಂಟಿಸಿದ್ದರೆ ಹುಡುಕಲು ಒಂದು ತಾಸು ಸಾಕು. ಅಂಟಿಸದಿದ್ದರೆ ಆ ವಾರ ಓಟಿಗೆ ಹೋದ ಮಕ್ಕಳ ಮನೆಗಳಿಗೆಲ್ಲ ಫೋನ್ ಮಾಡಬೇಕಾಗುತ್ತದೆ.